ಪುಟ್ಟಬಸಮ್ಮ ಯಾರವಳು

ಅಕ್ಟೋಬರ್ 6, ಸೋಮವಾರ

ಈ ಡೈರಿ ಓದುವವರು ಯಾರೂ ಇಲ್ಲ, ಆದ್ದರಿಂದ ನನ್ನನ್ನು ನಾನೇ ಹೊಗಳಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಇವತ್ತು ನನಗೆ ಒಂದು ಮರ್ಯಾದೆ ಮನೆ ಬಾಗಿಲಿಗೇ ಬಂತು.

ಯಳಂದೂರಿನ ಸ್ಪಂದನ ಬಂದಿದ್ದಳು. ಡಿಸೆಂಬರ್ ಮೊದಲ ವಾರ ಅವಳ ಮದುವೆ. ಅವಳ ಧಾರೆ ಸೀರೆ ನನ್ನ ಮಗ್ಗದ ಮೇಲಿದೆ, ಒಡಲು ಅರಿಸಿನ ಬಣ್ಣ, ಅಂಚು ಕುಂಕುಮ. ಕೊಳ್ಳೇಗಾಲದಲ್ಲಿ ಮಗ್ಗಗಳಿಗೆ ಕೊರತೆಯಿಲ್ಲ. ಆದರೆ ಅಂಚು ಒಡಲನ್ನು ಸೇರುವ ಕಡೆ ಬೆರಳಾಡಿಸಿ "ಇದು ಪದ್ಮಿನಿ ಕೈಕೆಲಸ" ಎಂದು ಗುರುತಿಸುವಂಥ ಸೀರೆ ಆಗುವುದು ಒಂದೇ ಮನೆಯಲ್ಲಿ. ಇದನ್ನು ನಾನು ಹೇಳುತ್ತಿಲ್ಲ, ಊರು ಹೇಳುತ್ತದೆ. ಸರಿ, ನಾನೂ ಹೇಳುತ್ತೇನೆ.

ಸೀರೆ ಎಲ್ಲಿಯವರೆಗೆ ಬಂತೆಂದು ನೋಡಲು ಬಂದ ಹುಡುಗಿ ಮಗ್ಗದ ಪಕ್ಕ ಕೂತವಳು ಸಂಜೆಯಾದರೂ ಏಳಲಿಲ್ಲ. ಅವಳನ್ನು ಹಿಡಿದು ಕೂರಿಸಿದ್ದು ಸೀರೆಯಲ್ಲ, ಪುಟ್ಟಬಸಮ್ಮ.

ಎರಡು ಬಣ್ಣದ ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಡಲಿಗೆ ಅಡ್ಡನೂಲು ಹಾಯಿಸುವ ಲಾಳಿ ನನ್ನದು. ಆ ಬದಿಯಲ್ಲಿ ಕೂತು ಅಂಚಿನ ಲಾಳಿ ಎಸೆಯುವವಳು ಪಕ್ಕದ ಮನೆಯ ಮೀನಾ, ನನ್ನ ಓರಗಿತ್ತಿ, ಮೈದುನ ಶಾಂತರಾಜುವಿನ ಹೆಂಡತಿ. ಕೈ ನೇಯುತ್ತಿರುವಾಗ ಬಾಯಿಗೂ ಕೆಲಸ ಬೇಕಲ್ಲ. ನಾನು ಕತೆ ಹೇಳುತ್ತೇನೆ, ಅವಳು "ಹೂಂ" ಎನ್ನುತ್ತಾಳೆ. ವರ್ಷಗಳಿಂದ ಇದೇ. ಕತೆಯಲ್ಲಿ ಪುಟ್ಟಬಸಮ್ಮ ಎಂಬ ಹೆಂಗಸಿದ್ದಾಳೆ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಹೋಟೆಲ್ ಇಟ್ಟಿದ್ದಾಳೆ, ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ್ದಾಳೆ, ಮೂರನೆಯವನನ್ನು ಕಟ್ಟಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿದ್ದಾಳೆ. ಅವಳು ಭೂಮಿಯ ಮೇಲೆ ಎಲ್ಲೂ ಇಲ್ಲ, ನನ್ನ ಬಾಯಲ್ಲಿ ಹುಟ್ಟಿದವಳು.

ಹೊರಡುವಾಗ ಸ್ಪಂದನ ನನ್ನ ಎರಡೂ ಕೈ ಹಿಡಿದುಕೊಂಡಳು. "ಪದ್ಮಿನಕ್ಕ, ಇದನ್ನ ಬರೀರಿ. ನವೆಂಬರ್‌ನಲ್ಲಿ ನಮ್ಮ ಓದುಗರ ಬಳಗದವರು ಒಂದು ತಿಂಗಳಲ್ಲಿ ಒಂದು ಕಾದಂಬರಿ ಬರಿಯೋ ಸವಾಲು ಇಟ್ಕಂಡಿದೀವಿ. ರಾಜ್ಯೋತ್ಸವದ ದಿನ ಶುರು, ತಿಂಗಳ ಕೊನೆಗೆ ಮುಗೀಬೇಕು. ಐವತ್ತು ಸಾವಿರ ಪದ. ಮುಗಿಸಿದವರದ್ದು ಪುಸ್ತಕ ಮಾಡ್ತೀವಿ, ಮುಖಪುಟದ ಮೇಲೆ ನಿಮ್ಮ ಹೆಸರು ಹಾಕ್ತೀವಿ."

ಅಕ್ಟೋಬರ್ ಮೂವತ್ತರೊಳಗೆ ಹೆಸರು ಕೊಡಬೇಕಂತೆ. ಯೋಚನೆ ಮಾಡುತ್ತೇನೆ ಎಂದೆ. ಕರೆದ ತಕ್ಷಣ ಓಡುವ ಪೈಕಿಯಲ್ಲ ನಾನು.

ಅಕ್ಟೋಬರ್ 7, ಮಂಗಳವಾರ

ಗಂಡನಿಗೆ ಹೇಳಿದೆ. ಇವರು, ನಟರಾಜು, ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಇಡೀ ದಿನ ಗಿರಾಕಿಗಳ ಹತ್ತಿರ ಮಾತಾಡಿ ಮನೆಗೆ ಬರುವಾಗ ಬಾಯಿ ಖಾಲಿ ಮಾಡಿಕೊಂಡು ಬಂದಿರುತ್ತಾರೆ.

"ಐವತ್ತು ಸಾವ್ರ ಮಾತಾ?" ಎಂದರು ಮುದ್ದೆಯಿಂದ ತಲೆ ಎತ್ತದೆ. "ಅದ್ಕೆ ಒಂದು ತಿಂಗ್ಳು ಯಾಕ್ ಬೇಕು? ನೀನು ಒಂದು ಮದ್ಯಾನ್ನಕ್ಕೆ ಆಡಿ ಮುಗಿಸ್ತೀಯ ಕಣೆ."

ಸಿಟ್ಟೂ ಬಂತು, ನಗುವೂ ಬಂತು. ಎರಡನೇ ಸಲ ಸಾರು ಕೇಳಿದಾಗ ಕಿವಿ ಕೇಳಿಸದವಳಂತೆ ಕೂತೆ.

ನಿಜ ಹೇಳಬೇಕೆಂದರೆ ಆಸೆಯಾಗಿದೆ. ನನ್ನ ಕೈಯ ಸೀರೆ ಉಟ್ಟು ಹಸೆಮಣೆ ಏರಿದವರಿಗೆ ಲೆಕ್ಕವಿಲ್ಲ, ಒಂದು ಸೀರೆಯ ಮೇಲೂ ನನ್ನ ಹೆಸರಿಲ್ಲ. ಅಂಗಡಿಯ ಚೀಟಿ ಇರುತ್ತದೆ, ಅಷ್ಟೆ. ಪುಸ್ತಕದ ಮೇಲಾದರೆ ಹೆಸರು ಇರುತ್ತದೆ. ಅದು ನನಗೆ ಬೇಕು. ಭಯವೂ ಇದೆ. ತಿಂಗಳಲ್ಲಿ ಮುಗಿಸಲಾಗದಿದ್ದರೆ ನೇಕಾರ ಬೀದಿಯ ಬಾಯಿಗೆ ಬೀಳುತ್ತೇನೆ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ ನನಗೆ.

ಅಕ್ಟೋಬರ್ 9, ಗುರುವಾರ

ನೇಯುತ್ತ ನೇಯುತ್ತ ಮೀನಾಗೆ ವಿಷಯ ಹೇಳಿದೆ. ಮೀನಾ ತಮಿಳುನಾಡಿನ ಗಡಿಗೆ ಹತ್ತಿರದ ಮಾರ್ಟಳ್ಳಿಯವಳು, ತಮಿಳಿನಲ್ಲೇ ಶಾಲೆ ಕಲಿತವಳು. ಕನ್ನಡ ಮಾತಾಡಿದರೆ ನಡುನಡುವೆ ತಮಿಳು ನುಗ್ಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾತಾಡಿದ್ದನ್ನು ನಾನು ಹಾಗೇ ಆಡಿ ತೋರಿಸಿ ಬೀದಿಯನ್ನೆಲ್ಲ ನಗಿಸುತ್ತಿದ್ದೆ. ಈಗಲೂ ಒಮ್ಮೊಮ್ಮೆ ಆಡಿ ತೋರಿಸುತ್ತೇನೆ. ತಮಾಷೆಗೆ.

ಸುದ್ದಿ ಕೇಳಿ ಅವಳ ಮುಖ ಊರಗಲ ಆಯಿತು. "ಅಯ್ಯೋ ಅಕ್ಕಾ! ನಮ್ಮ ಕತೆ ಬುಕ್ ಆಗ್ತದಾ?"

ನನ್ನ ಲಾಳಿ ಕೈಯಲ್ಲೇ ನಿಂತಿತು. "ನಮ್ಮದು ಅಂದ್ರೆ?"

"ನಮ್ದೇ... ನೀನು, ನಾನು, ಸೇರಿ ಮಾಡಿದ್ದು."

"ನೀನೇನೇ ಮಾಡ್ದೆ ಅದ್ರಲ್ಲಿ? ಹೇಳಿದ್ದು ನಾನು. ನೀನು ಹೂಂ ಅಂದೆ. ಹೂಂ ಅಂದವ್ರೆಲ್ಲ ಕತೆ ಕಟ್ಟೋರಾದ್ರೆ ಆ ಮೂಲೆಮನೆ ಎಮ್ಮೆನೂ ಕಟ್ತದೆ."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಸಂಜೆಯವರೆಗೂ ಅಂಚಿನ ಲಾಳಿ ಎಸೆದಳು, ಒಂದು ಎಳೆಯೂ ತಪ್ಪಲಿಲ್ಲ. ನಾನು ಕತೆ ಮುಂದುವರಿಸಿದೆ. ಅವಳಿಂದ ಒಂದು ಹೂಂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೇ ಬೇಸರವಾಗಿ ನಿಲ್ಲಿಸಿದೆ. ಮಾತು ಒಂದು ಚಿಟಿಕೆ ಖಾರವಾಯಿತೇನೋ. ಸುಳ್ಳಂತೂ ಅಲ್ಲವಲ್ಲ.

ಅಕ್ಟೋಬರ್ 12, ಭಾನುವಾರ

ಸೇರುವ ಮೊದಲು ಕೈ ಹೇಗೆ ಓಡುತ್ತದೆಂದು ನೋಡೋಣವೆಂದು ಬರೆಯಲು ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೆದೆ. "ಪುಟ್ಟಬಸಮ್ಮನವರು ಸದ್ಗುಣ ಸಂಪನ್ನರಾದ ಓರ್ವ ಮಹಿಳೆಯಾಗಿದ್ದರು" ಎಂದು ಶುರುವಾಯಿತು. ಚೆನ್ನಾಗಿಯೇ ಇದೆ ಅನ್ನಿಸಿ ಇವರಿಗೆ ಓದಿದೆ.

"ಪುಟ್ಟಬಸಮ್ಮ ಎಲ್ಲೋದ್ಲು?" ಎಂದರು. "ಇದ್ಯಾರೋ ಹೆಡ್ ಮಿಸ್ಸು ಬಂದು ಕುಂತವ್ಳಲ್ಲ."

ಎರಡನೇ ಪುಟ ತಿರುಗಿಸುವಷ್ಟರಲ್ಲಿ ಗೊರಕೆ ಕೇಳಿಸಿತು. ಹಾಳೆಗಳನ್ನು ಒಲೆಗೆ ಹಾಕಿದೆ. ಬಾಯಲ್ಲಿ ಕುಣಿಯುವವಳು ಕಾಗದಕ್ಕೆ ಬಂದರೆ ಯಾಕೆ ಹೀಗೆ ಬೆನ್ನು ಸೆಟೆಸಿಕೊಂಡು ಕೂರುತ್ತಾಳೋ ತಿಳಿಯದು.

ಅಕ್ಟೋಬರ್ 13, ಸೋಮವಾರ

ಮೀನಾ ಬರಲಿಲ್ಲ. ಹತ್ತು ಗಂಟೆಗೆ ಶಾಂತರಾಜು ಬಂದು ಬಾಗಿಲಲ್ಲೇ ನಿಂತ.

"ಅತ್ಗೆ, ಮೀನಾ ಮಾರ್ಟಳ್ಳಿಗೆ ಹೋದ್ಲು. ಅವ್ರವ್ವುಂಗೆ ಮಂಡಿನೋವಂತೆ. ಜೋಳ ಬೇರೆ ಬಿಡಿಸ್ಬೇಕಂತೆ."

"ಯಾವತ್ತು ಬತ್ತಾಳಂತೆ?"

"ಹೇಳ್ಲಿಲ್ಲ."

ಆಟೋ ಓಡಿಸುವವನು, ಯಾವಾಗಲೂ ಬಾಯಿ ತುಂಬ ಮಾತಾಡುವವನು. ಇವತ್ತು ಮುಖ ಕೊಟ್ಟು ಮಾತಾಡಲಿಲ್ಲ. ಸೀರೆ ಅರ್ಧಕ್ಕೆ ನಿಂತಿದೆ. ಅಂಚಿನ ಕಡೆ ಯಾರೂ ಇಲ್ಲದೆ ನಾನು ಏನು ನೇಯಲಿ?

ಅಕ್ಟೋಬರ್ 16, ಗುರುವಾರ

ಇವರು ಅಂಗಡಿಗೆ ರಜೆ ಹಾಕಿ ಆ ಬದಿಗೆ ಕೂತರು. ನೇಕಾರರ ಮನೆಯಲ್ಲೇ ಹುಟ್ಟಿದವರಲ್ಲವೇ, ಕೈಗೆ ನೆನಪಿರುತ್ತದೆ ಅಂದುಕೊಂಡಿದ್ದೆ. ಕೈಗೂ ಮರೆವು ಬರುತ್ತದೆ ಎಂದು ಗೊತ್ತಾಯಿತು. ಮೂರು ಬೆರಳಗಲ ನೇಯುವುದರೊಳಗೆ ಅಂಚು ಸಡಿಲಾಯಿತು. ಹುರುಪು ತುಂಬಲು ಕತೆ ಹೇಳಿದೆ. ಎಲ್ಲದಕ್ಕೂ ಹೂಂ ಎಂದರು. ಪುಟ್ಟಬಸಮ್ಮನ ಎರಡನೇ ಗಂಡ ಹಾವು ಕಚ್ಚಿ ಸತ್ತನೆಂದರೆ ಅದಕ್ಕೂ "ಹೂಂ, ಒಳ್ಳೇದಾಯ್ತು" ಎಂದರು.

"ಏನ್ರೀ ಒಳ್ಳೇದಾಗಿದ್ದು?"

"ಸತ್ನಲ್ಲ, ಅದೇಯ."

ನೇಯ್ದದ್ದನ್ನೆಲ್ಲ ಬಿಚ್ಚಿದೆ. ಬೆಳಿಗ್ಗೆ ಎಲ್ಲಿದ್ದೆವೋ ಅಲ್ಲಿಗೇ ಬಂದೆವು. ಅವರನ್ನು ಅಂಗಡಿಗೆ ಅಟ್ಟಿದೆ, ಖುಷಿಯಾಗಿ ಹೋದರು.

ಅಕ್ಟೋಬರ್ 21, ಮಂಗಳವಾರ

ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಮುಟ್ಟದೆ ಐದು ದಿನವಾಯಿತು, ಅದು ಬೇರೆ ಮಾತು. ದೀಪಾವಳಿಯಲ್ಲವೇ, ದೀಪ ಹಚ್ಚಿ ಪೂಜೆ ಮಾಡಿದೆ. ಒಬ್ಬಟ್ಟಿನ ಹೂರಣ ಮೀನಾ ರುಬ್ಬಿದಷ್ಟು ನುಣ್ಣಗಾಗಲಿಲ್ಲ.

ಕೆಲಸವಿಲ್ಲದೆ ಕೂತು ಕತೆಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಮೂರನೇ ಗಂಡನಾಗಲೆಂದು ನಾನು ಮೊದಲು ತಂದದ್ದು ಒಬ್ಬ ರೇಂಜರ್ ಸಾಹೇಬನನ್ನು. ಜೀಪು, ಟೋಪಿ, ಮೀಸೆ, ಎಲ್ಲ ಇತ್ತು. ಮೀನಾ ಅವತ್ತು ಒಂದು ಉದ್ದನೆಯ ಹೂಂ ಎಳೆದಳು. ಏನೇ ಅದು ಎಂದು ರೇಗಿದೆ. "ಸಾಹೇಬ್ರು ತಿಂದ ತಟ್ಟೆ ತೊಳೀತಾರಾ ಅಕ್ಕಾ?" ಎಂದಳು. ಮರುದಿನ ರೇಂಜರ್‌ಗೆ ವರ್ಗಾವಣೆ ಮಾಡಿಸಿ ಬಸ್ ಡ್ರೈವರ್ ಮಂಟೇಸ್ವಾಮಿಯನ್ನು ತಂದೆ. ಅವನು ಬಂದ ಮೇಲೇ ಕತೆಗೆ ಕಳೆ ಬಂದದ್ದು. ದಿನಾ ಹೋಟೆಲ್ ಮುಂದೆ ಬಸ್ಸನ್ನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸುತ್ತಾನೆ, ಪ್ಯಾಸೆಂಜರ್‌ಗಳು ಬಯ್ಯುತ್ತಾರೆ, ಅವನು ಇಂಜಿನ್ ಬಿಸಿಯಾಗಿದೆ ಎನ್ನುತ್ತಾನೆ.

ಇನ್ನೊಂದು, ಚಿರತೆ. ಹೋಟೆಲ್ಲಿನ ಅಡುಗೆಮನೆಗೆ ನುಗ್ಗಿದ ಚಿರತೆಯನ್ನು ಪುಟ್ಟಬಸಮ್ಮನ ಕೈಯಿಂದ ಒನಕೆಯಲ್ಲಿ ಹೊಡೆಸಬೇಕೆಂದಿದ್ದೆ. "ಅದಕ್ಕೂ ಚಳಿ ಅಲ್ವಾ ಅಕ್ಕಾ" ಎಂದಳು ಮೀನಾ. ಆಮೇಲೆ ಚಿರತೆ ಒಲೆಯ ಪಕ್ಕ ಮಲಗಿ ಬೆಳಿಗ್ಗೆ ಎದ್ದು ಹೋಯಿತು, ಪುಟ್ಟಬಸಮ್ಮ ಅಟ್ಟದ ಮೇಲೆ ಕೂತು ನೋಡುತ್ತಿದ್ದಳು. ಸ್ಪಂದನ ಕಣ್ಣೊರೆಸಿಕೊಂಡದ್ದು ಅಲ್ಲೇ.

ಹೀಗೇ ಇನ್ನೂ ಒಂದೆರಡು. ಒಂದೆರಡಲ್ಲ, ಸ್ವಲ್ಪ ಹೆಚ್ಚೇ. ಎಲ್ಲ ಸಣ್ಣಪುಟ್ಟ ಮಾತು. ಅವಳು ಕೇಳಿದಳೆಂದು ನಾನು ತಿದ್ದಿದೆ, ತಿದ್ದಿದವಳು ನಾನೇ ತಾನೆ?

ಅಕ್ಟೋಬರ್ 24, ಶುಕ್ರವಾರ

ಮಾರ್ಟಳ್ಳಿಗೆ ಹೋಗಿದ್ದೆ. ಸೀರೆಗೋಸ್ಕರ. ಮದುವೆ ಹೆಣ್ಣಿಗೆ ಕೊಟ್ಟ ಮಾತು ತಪ್ಪಬಾರದಲ್ಲ.

ಹನೂರಿನಲ್ಲಿ ಬಸ್ಸು ಬದಲಿಸಿ ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿ ಮೇಲಿತ್ತು. ಮೀನಾಳ ತವರುಮನೆಯ ಅಂಗಳದಿಂದ ನಗುವಿನ ಸದ್ದು. ಬೇಲಿಯ ಈಚೆ ನಿಂತು ನೋಡಿದೆ. ಜೋಳದ ತೆನೆಯ ರಾಶಿ, ಸುತ್ತ ಹೆಂಗಸರು, ನಡುವೆ ನಮ್ಮ ಮೀನಾ. ಕೈ ತೆನೆ ಬಿಡಿಸುತ್ತಿದೆ, ಬಾಯಿ ತಮಿಳಿನಲ್ಲಿ ಹರಿಯುತ್ತಿದೆ. ಇವಳು ಇಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಹುಬ್ಬು ಕುಣಿಸುತ್ತಾಳೆ, ಡ್ರೈವರ್ ಹಾಗೆ ಸ್ಟೇರಿಂಗ್ ತಿರುಗಿಸುತ್ತಾಳೆ, ದನಿ ಇಳಿಸುತ್ತಾಳೆ. ಹೆಂಗಸರು ತೆನೆ ಕೆಳಗಿಟ್ಟು "ಅಪ್ಪುರಂ? ಅಪ್ಪುರಂ?" ಎಂದು ಆಮೇಲೇನೆಂದು ಕೇಳುತ್ತಿದ್ದಾರೆ.

ತಮಿಳಿನವರೂ ಬಂದುಹೋಗುವ ನೇಕಾರ ಬೀದಿಯಲ್ಲಿ ಹುಟ್ಟಿದವಳು ನಾನು, ತಮಿಳು ಆಡಲು ಬರದಿದ್ದರೂ ಕೇಳಿದರೆ ತಿಳಿಯುತ್ತದೆ. ಅವಳು ಹೇಳುತ್ತಿದ್ದದ್ದು ಪುಟ್ಟಬಸಮ್ಮನ ಕತೆ. ರಕ್ತ ತಲೆಗೇರಿತು. ನನ್ನ ಪುಟ್ಟಬಸಮ್ಮನನ್ನು ಮಾರ್ಟಳ್ಳಿಯ ಅಂಗಳದಲ್ಲಿ ಹಂಚುತ್ತಿದ್ದಾಳಲ್ಲ! ಒಳಗೆ ನುಗ್ಗಿ ಕೇಳಿಯೇಬಿಡಬೇಕೆಂದು ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ಕತೆ ನಾನು ಹೇಳಿ ನಿಲ್ಲಿಸಿದ್ದ ಜಾಗವನ್ನು ದಾಟಿತು.

ಮಂಟೇಸ್ವಾಮಿ ಮದುವೆಗೆ ಕೇಳುವುದರವರೆಗೆ ನಾನು ತಂದಿದ್ದೆ. ಮುಂದೆ ಏನು ಮಾಡಬೇಕೆಂದು ನನಗೇ ತೋಚಿರಲಿಲ್ಲ. ಮೀನಾಳ ಕತೆಯಲ್ಲಿ ಪುಟ್ಟಬಸಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಾಳೆ: "ಮೊದ್ಲು ನೀನು ನನ್ನ ಒಲೆ ಮುಂದೆ ನಿಂತು ನೋಡು, ನಾನು ನಿನ್ನ ಬಸ್ಸಲ್ಲಿ ನಿಂತು ನೋಡ್ತೀನಿ. ಇಬ್ರಿಗೂ ಸೈ ಅನ್ನಿಸಿದ್ರೆ ತಾಳಿ." ಡ್ರೈವರ್ ದೋಸೆ ಹುಯ್ಯಲು ನಿಲ್ಲುತ್ತಾನೆ, ಎಲ್ಲ ಸೀದುಹೋಗುತ್ತವೆ. ಇವಳು ಸೀಟಿ ಕಚ್ಚಿಕೊಂಡು ಬಸ್ಸಿನಲ್ಲಿ ಕಂಡಕ್ಟರ್ ಆಗುತ್ತಾಳೆ, ಒಂದು ದಿನ ಬೆಟ್ಟದ ತಿರುವಿನಲ್ಲಿ ಬಸ್ಸಿಗೆ ಅಡ್ಡವಾಗಿ ಆ ಚಿರತೆಯೇ ನಿಂತಿರುತ್ತದೆ. ಪ್ಯಾಸೆಂಜರ್‌ಗಳು ಕಿರುಚುತ್ತಾರೆ. ಪುಟ್ಟಬಸಮ್ಮ ಬಾಗಿಲು ತೆಗೆದು ಕೆಳಗಿಳಿಯುತ್ತಾಳೆ. ಅಲ್ಲಿ ಮೀನಾ ಮಾತು ನಿಲ್ಲಿಸಿ ನೀರು ಕುಡಿಯಲು ಚೊಂಬು ಎತ್ತಿದಳು.

"ಆಮೇಲೇನಾಯ್ತೇ?"

ಕೂಗಿದ್ದು ನಾನು. ಬೇಲಿಯಾಚೆ ಎಲ್ಲ ತಲೆಗಳೂ ತಿರುಗಿದವು. ಮೀನಾಳ ಕೈಯಿಂದ ಚೊಂಬು ಬಿತ್ತು. ಹೆದರಿ ಎದ್ದು ನಿಂತಳು. ನಾನು ಒಳಗೆ ಹೋಗಿ ಜೋಳದ ರಾಶಿಯ ಪಕ್ಕ ಕೂತು ಒಂದು ತೆನೆ ಕೈಗೆ ತಗೊಂಡೆ.

"ಇಳಿದ್ಲು, ಇಳಿದು?" ಎಂದೆ.

ಅಕ್ಟೋಬರ್ 25, ಶನಿವಾರ

ನಿನ್ನೆ ಮೀನಾಳನ್ನು ಕರೆದುಕೊಂಡೇ ಬಂದೆ. ಬಸ್ಸಿನಲ್ಲಿ ಕೇಳಿದೆ, "ಇಷ್ಟು ಚೆಂದಾಗಿ ಹೇಳೋಳು ನನ್ನ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ನಗ್ತೀಯಲ್ಲಕ್ಕ," ಎಂದಳು.

ಹನೂರು ಬಂತು. ಇಳಿದು ಅವಳಿಗೆ ಹೂ ಕೊಡಿಸಿದೆ, ದೊಡ್ಡ ಮಾರು.

ಮನೆಗೆ ಬಂದು ಸ್ಪಂದನಳಿಗೆ ಫೋನು ಮಾಡಿದೆ. ಇಬ್ಬರ ಹೆಸರು ಬರೆದುಕೋ ಎಂದೆ. ಆಗುವುದಿಲ್ಲವಂತೆ. ಒಂದು ಕಾದಂಬರಿಗೆ ಒಂದೇ ಹೆಸರು ಎಂದು ಬಳಗದವರೆಲ್ಲ ಕೂತು ಮಾಡಿದ ನಿಯಮವಂತೆ. ಯಾರು ಹೇಳಿದರು, ಯಾರು ಬರೆದುಕೊಂಡರು ಅನ್ನುವುದು ಮನೆಯ ವಿಷಯ, ಹೆಸರು ಮಾತ್ರ ಒಂದಂತೆ.

"ಹಂಗಾ?" ಎಂದೆ. "ಹಂಗಾದ್ರೆ ನಿನ್ನ ಸೀರೆನೂ ನಾನೊಬ್ಳೇ ನೇಯ್ತೀನಿ. ಅಂಚೇ ಇರಲ್ಲ. ಅದನ್ನೇ ಉಟ್ಕಂಡು ದಾರೆ ಉಯ್ಯಿಸ್ಕೋ."

"ಅಕ್ಕಾ, ಹಂಗನ್ಬೇಡಿ! ಇನ್ನೊಂದ್ಸಲ ಕೇಳ್ತೀನಿ," ಎಂದಳು ಪಾಪ.

ಅಕ್ಟೋಬರ್ 28, ಮಂಗಳವಾರ

ಮಗ್ಗ ಓಡುತ್ತಿದೆ. ಅಂಚು ಒಡಲಿಗೆ ಹೇಗೆ ಕೂತಿದೆ ಎಂದರೆ, ನಾನೇ ದೃಷ್ಟಿ ತೆಗೆಯಬೇಕು.

ಸ್ಪಂದನ ಫೋನು ಮಾಡಿ ಬಳಗದವರು ಒಪ್ಪಲಿಲ್ಲ ಎಂದಳು. ಇವರು "ನಿನ್ನ ಹೆಸ್ರೇ ಕೊಡು, ಮುಗೀತು" ಎಂದರು. ಮೀನಾಳೂ ಹಾಗೇ ಹೇಳಿದಳು: "ನಿನ್ ಹೆಸ್ರೇ ಇರ್ಲಿ ಅಕ್ಕಾ. ನಂಗೆ ಕನ್ನಡ ಬರಿಯಕ್ಕೂ ಬರಲ್ಲ. ನಾನು ಹೂಂ ಅನ್ನೋಳು ತಾನೆ."

ಅವಳು ಕೊಂಕಿಗೆ ಹೇಳಲಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾಳೆ. ಮಧ್ಯಾಹ್ನ ಊಟ ಸೇರಲಿಲ್ಲ. ಸೆಖೆಗೆ ಇರಬೇಕು.

ಸವಾಲಿಗೆ ಸೇರದೆ ಇದ್ದುಬಿಡಲೇ? ಅದೇ ಸುಲಭ. ಆದರೆ ಚಿರತೆಯ ಮುಂದೆ ಇಳಿದು ನಿಂತವಳನ್ನು ರಸ್ತೆಯಲ್ಲೇ ಬಿಟ್ಟುಬರುವುದು ಹೇಗೆ?

ಅಕ್ಟೋಬರ್ 30, ಗುರುವಾರ

ಹೆಸರು ಕೊಟ್ಟೆ. ನನ್ನದಲ್ಲ, ಮೀನಾಳದು. ಕೊನೆಗೂ ನಾನು ಸೇರಲಿಲ್ಲ ಎಂದಾಯಿತು.

ಇದರಲ್ಲಿ ತ್ಯಾಗಗೀಗ ಏನೂ ಇಲ್ಲ. ನನಗೆ ಊರಲ್ಲಿ ಹೆಸರಿದೆ, ಅವಳಿಗೆ ಶಾಂತರಾಜುವಿನ ಹೆಂಡತಿ, ಪದ್ಮಿನಿಯ ಓರಗಿತ್ತಿ ಎಂಬುದು ಬಿಟ್ಟರೆ ಬೇರೆ ಇಲ್ಲ. ಅವಳ ಹೆಸರು ಬಿದ್ದರೆ ತವರಿಗೆ ಹೋಗಿ ಕೂರುವುದು ನಿಲ್ಲುತ್ತದೆ, ಮಗ್ಗವೂ ನಡೆಯುತ್ತದೆ. ಅಷ್ಟೇ ನನ್ನ ಲೆಕ್ಕಾಚಾರ. ಮಗ್ಗದಲ್ಲಿ ಅವಳು ಹೇಳಬೇಕು, ತಮಿಳು ಬಂದರೆ ಬರಲಿ. ಮಧ್ಯಾಹ್ನ ಲಾಳಿ ಇಟ್ಟ ಮೇಲೆ ನಾನು ಕನ್ನಡದಲ್ಲಿ ಬರೆಯುತ್ತೇನೆ, ಅವಳು ಹೇಳಿದ ಹಾಗೆ. ಹೆಡ್ ಮಿಸ್ಸನ್ನು ಒಳಗೆ ಬಿಡುವುದಿಲ್ಲ.

ಹೇಳಿದಾಗ ಮೀನಾ ಅತ್ತಳು. "ಬ್ಯಾಡಕ್ಕ, ನಗ್ತಾರೆ," ಎಂದಳು.

"ನಗೋರ ಹಲ್ಲು ನಾನು ನೋಡ್ಕತೀನಿ," ಎಂದೆ.

ನವೆಂಬರ್ 1, ಶನಿವಾರ

ಸವಾಲು ಶುರುಮಾಡುವ ಸಭೆ ಮುಗಿಸಿ ಯಳಂದೂರಿನಿಂದ ಈಗತಾನೆ ಬಂದೆವು. ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ.

ಸಣ್ಣ ಸಭಾಂಗಣ, ಬಾವುಟ, ಕೆಂಪು ಹಳದಿ ಕಾಗದದ ತೋರಣ. ಬಂದವರಲ್ಲಿ ಮೇಷ್ಟ್ರುಗಳು, ಕಾಲೇಜು ಹುಡುಗಿಯರು, ಇಸ್ತ್ರಿ ಷರ್ಟಿನವರು. ಮೀನಾ ನನ್ನ ಬೆನ್ನ ಹಿಂದೆ ಅಡಗುವವಳಂತೆ ಕೂತಳು. ನಾನು ನೇಯ್ದ ನೀಲಿ ಸೀರೆ ಉಡಿಸಿದ್ದೆ. ಅಲ್ಲಿದ್ದ ಯಾರ ಸೀರೆಯೂ ಅದರ ಹತ್ತಿರ ಬರಲಿಲ್ಲ, ಸುತ್ತ ನೋಡಿಯೇ ಹೇಳುತ್ತಿದ್ದೇನೆ.

ಸ್ಪಂದನ ಮೈಕಿನಲ್ಲಿ ಬರೆಯುವವರ ಹೆಸರು ಒಂದೊಂದೇ ಕರೆದಳು. ಕರೆಸಿಕೊಂಡವರು ಎದ್ದು ನಿಂತು ಕಾದಂಬರಿಯ ಹೆಸರು ಹೇಳಿ ಕೂರಬೇಕು. ಎಲ್ಲರಿಗೂ ಚಪ್ಪಾಳೆ.

"ಮಾರ್ಟಳ್ಳಿ ಮೀನಾ."

ಯಾರೂ ಏಳಲಿಲ್ಲ. ಜನ ಅತ್ತಿತ್ತ ನೋಡಿದರು. ಇನ್ನೊಮ್ಮೆ ಕರೆದಳು. ಮೀನಾ ಕುರ್ಚಿಗೆ ಅಂಟಿಕೊಂಡಿದ್ದಳು. ತೊಡೆಗೆ ಜೋರಾಗಿ ಚಿವುಟಿದೆ. "ಏಳೇ!"

"ಕಾಲು ಬತ್ತಿಲ್ಲಕ್ಕ."

ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಎಬ್ಬಿಸಬೇಕಾದರೆ ನಾನೂ ಏಳಬೇಕಲ್ಲ, ಎದ್ದೆ. ಇಬ್ಬರೂ ನಿಂತೆವು. ಮೀನಾ ನೆಲ ನೋಡುತ್ತ ಅಂದಳು, "ಪುಟ್ಟಬಸಮ್ಮ." ಆಮೇಲೆ ತಲೆ ಎತ್ತಿ, ಮೈಕಿಲ್ಲದೆಯೇ ಹಿಂದಿನ ಬಾಗಿಲಿನವರೆಗೆ ಕೇಳುವಂತೆ, "ಪುಟ್ಟಬಸಮ್ಮನ ಬಸ್ಸು!" ಎಂದಳು. ಯಾರೂ ನಗಲಿಲ್ಲ. ಚಪ್ಪಾಳೆ ಬಿತ್ತು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಕುಪ್ಪಸದ ಹೊಲಿಗೆ ಉಳಿದದ್ದೇ ಹೆಚ್ಚು.

ಮುಂದಿನ ಸಾಲಿನ ಒಬ್ಬ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ತಿರುಗಿ ನನ್ನನ್ನು ನೋಡಿದರು. "ಕರೆದದ್ದು ಒಬ್ರನ್ನಲ್ವೇನಮ್ಮ? ನೀವು ಕೂತ್ಕಳಿ," ಎಂದರು.

ಮೀನಾಳ ಕೈ ನನ್ನ ಕೈಯಲ್ಲಿತ್ತು. ನಾನು ಕೂರಲಿಲ್ಲ.